ಇಂಗ್ಲಿಷ್ ಗೋಡೆಗೆ ನನ್ನ ಸಗಣಿ ಪಾಂಡಿತ್ಯ

ಕಾರಿನ ಬಾಗಿಲು ಕಿರುಗುಟ್ಟದ ಹಾಗೆ ಮಾಡುವುದರಲ್ಲಿ ಇಡೀ ಮಿಷಿಗನ್ ರಾಜ್ಯದಲ್ಲಿ ನನ್ನನ್ನು ಮೀರಿಸುವವರಿಲ್ಲ! ಇದು ಬಡಾಯಿಯಲ್ಲ, ಹದಿನೇಳು ವರ್ಷದ ಸರ್ವಿಸ್ಸು. ಡೆಟ್ರಾಯಿಟ್ ಸುತ್ತಮುತ್ತ ತಯಾರಾದ ಅದೆಷ್ಟೋ ಲಕ್ಷ ಕಾರುಗಳ ಬಾಗಿಲು ಇವತ್ತಿಗೂ ಉಸಿರೆತ್ತದೆ ಮುಚ್ಚಿಕೊಳ್ಳುತ್ತಿದ್ದರೆ ಅದರ ಹಿಂದೆ ಈ ತಿರುಮಲೇಶನ ತಪಸ್ಸಿದೆ. ಅಂಥವನಿಗೆ ನಾನೂರು ವರ್ಷದ ಒಂದು ಮರದ ಮನೆ ಯಾವ ಮಹಾ ಲೆಕ್ಕ? ಸೂಟ್‌ಕೇಸು ಕೆಳಗಿಡುವ ಮೊದಲೇ ನಾನು ಹೆಂಡತಿ ವತ್ಸಲಾಗೆ ಘೋಷಿಸಿದೆ.

"ಇನ್ನು ಮೂರು ತಿಂಗಳು ಟೈಮ್ ಕೊಡು. ಈ ಮನೇನ ಹೊಸದರ ಹಾಗೆ ಮಾಡಿಬಿಡ್ತೀನಿ!"

"ಹಳೇ ಮನೆ ಹಳೇದಾಗೇ ಇರಲಿ ಅಂತ ತಾನೇ ರೀ ಅವರು ನಮ್ಮನ್ನ ಇಟ್ಕೊಂಡಿರೋದು?" ಎಂದಳು ವತ್ಸಲಾ.

ಅವಳದು ಯಾವಾಗಲೂ ಹೀಗೆಯೇ. ದೂರದೃಷ್ಟಿ ಕಡಿಮೆ.

ಮೊದಲಿಂದ ಹೇಳುತ್ತೇನೆ. ಎರಡು ಸಾವಿರದ ಒಂಬತ್ತರ ಫೆಬ್ರುವರಿಯಲ್ಲಿ ನನ್ನ ಕೆಲಸ ಹೋಯಿತು. ಆ ವರ್ಷ ರಾಚೆಸ್ಟರ್ ಹಿಲ್ಸಿನಲ್ಲಿ ಕೆಲಸ ಹೋಗುವುದೆಂದರೆ ನೆಗಡಿ ಬಂದ ಹಾಗೆ, ಒಬ್ಬರಿಂದ ಒಬ್ಬರಿಗೆ ಹಬ್ಬುತ್ತಿತ್ತು. ಸದ್ದಡಗಿಸುವ ನನ್ನ ವಿದ್ಯೆಯ ಮೇಲೆ ಕಂಪನಿಗೆ ಎಷ್ಟು ಅಭಿಮಾನವಿತ್ತೆಂದರೆ ನನ್ನನ್ನೂ ಅಷ್ಟೇ ಸದ್ದಿಲ್ಲದೆ ಹೊರಗೆ ಹಾಕಿತು! ಒಂದು ರಟ್ಟಿನ ಡಬ್ಬ, ಒಂದು ಹಸ್ತಲಾಘವ, ಮುಗಿಯಿತು. ಆಮೇಲೆ ಎರಡು ತಿಂಗಳು ನಾನು ಮನೆಯಲ್ಲಿ ಕೂತು ಅಪ್ಲೈ ಮಾಡಿದ್ದೇ ಮಾಡಿದ್ದು. ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್ ಆಗಿರುವ ವತ್ಸಲಾ ಒಬ್ಬಳ ಸಂಬಳದಲ್ಲಿ ಮನೆ ಉಳಿಯುವ ಹಾಗಿರಲಿಲ್ಲ. ಅದಕ್ಕೇ ಮನೆಯನ್ನು ಬಾಡಿಗೆಗೆ ಕೊಟ್ಟು ನಾವು ಬೇರೆಲ್ಲಾದರೂ ಪುಕ್ಕಟೆ ಇರಬೇಕು ಎಂದು ತೀರ್ಮಾನವಾಯಿತು. ಪುಕ್ಕಟೆ ಎಲ್ಲಿ ಸಿಗುತ್ತದೆ? ಲೈಬ್ರರಿಯ ನೋಟೀಸ್ ಬೋರ್ಡಿನಲ್ಲಿ ಸಿಕ್ಕಿತು. ಹುಡುಕಿದವಳು ವತ್ಸಲಾ, ಹೋಗಿ ಬಡಾಯಿ ಕೊಚ್ಚಿ ಗಿಟ್ಟಿಸಿದವನು ನಾನು.

ನಮ್ಮ ಸಬ್‌ಡಿವಿಷನ್ನಿನಿಂದ ಹನ್ನೆರಡು ಮೈಲಿ ದೂರದಲ್ಲಿ ಫೆನ್‌ವಿಕ್ ಫಾರ್ಮ್ ಎಂಬ ಮನೆಯಿದೆ. ಅದು ಹುಟ್ಟಿದ್ದು ಇಂಗ್ಲೆಂಡಿನ ಸಫೊಕ್ ಎಂಬಲ್ಲಿ, ಯಾರೋ ರೈತನ ಮನೆಯಾಗಿ. ಕಾರಿನ ಹಾರ್ನ್ ಮಾರಿ ಕುಬೇರನಾದ ಇಲ್ಲಿನ ಒಬ್ಬ ಮಹಾಶಯ ಸಾವಿರದ ಒಂಬೈನೂರ ಇಪ್ಪತ್ತಾರರಲ್ಲಿ ಇಂಗ್ಲೆಂಡಿಗೆ ಪ್ರವಾಸ ಹೋದ. ಎಲ್ಲರೂ ಟೀ ಕಪ್ಪು ತಂದರೆ ಇವನು ಮನೆ ತಂದ! ತೊಲೆ, ಕಂಬ, ಜಂತೆ ಎಲ್ಲವನ್ನೂ ಬಿಚ್ಚಿ, ನಂಬರ್ ಕೆತ್ತಿ, ಹಡಗಿಗೆ ಹೇರಿ, ಇಲ್ಲಿ ಮತ್ತೆ ಜೋಡಿಸಿದ. ಮೊದಲು ಕಟ್ಟಿದ ಬಡಗಿಗಳೂ ನಂಬರ್ ಕೆತ್ತಿದ್ದರಂತೆ. ಹಾಗಾಗಿ ಒಂದೊಂದು ತೊಲೆಯ ಮೇಲೂ ಎರಡೆರಡು ನಂಬರು, ಅವೆರಡಕ್ಕೂ ಹೊಂದಾಣಿಕೆಯಿಲ್ಲ. ಹಾರ್ನ್ ಮಹಾಶಯ ಹೋದ ಮೇಲೆ ಮನೆ ಊರಿನ ಇತಿಹಾಸ ಸೊಸೈಟಿಯ ಕೈಗೆ ಬಂತು. ಸೊಸೈಟಿಗೂ ರಿಸೆಷನ್! ಸಂಬಳದ ಕಾವಲುಗಾರನನ್ನು ಅವರೂ ಮನೆಗೆ ಕಳಿಸಿ, ಮಹಡಿಯ ಎರಡು ಕೋಣೆಗಳಲ್ಲಿ ಪುಕ್ಕಟೆ ಇದ್ದುಕೊಂಡು ಮನೆ ನೋಡಿಕೊಳ್ಳುವ ಸಭ್ಯ ಕುಟುಂಬ ಹುಡುಕುತ್ತಿದ್ದರು. ಮೂರು ತಿಂಗಳು ಪರೀಕ್ಷೆ, ಒಪ್ಪಿಗೆಯಾದರೆ ಎರಡು ವರ್ಷ.

ಮನೆಯ ಬಗ್ಗೆ ಒಂದು ಮಾತು. ಇಡೀ ಮನೆಯಲ್ಲಿ ಒಂದು ಕಬ್ಬಿಣದ ಮೊಳೆಯಿಲ್ಲ. ಓಕ್ ಮರದ ದಪ್ಪ ದಪ್ಪ ಕಂಬ, ಕಂಬಕ್ಕೆ ತೂತು, ತೂತಿಗೆ ತೊಲೆಯ ಮೂತಿ, ಮೂತಿಗೆ ಮರದ ಬೆಣೆ. ಹಸಿ ಮರದಲ್ಲೇ ಕಟ್ಟುತ್ತಿದ್ದರಂತೆ. ಒಣಗುತ್ತಾ ಒಣಗುತ್ತಾ ಮರ ತನಗೆ ಬೇಕಾದ ಹಾಗೆ ಸೊಟ್ಟಗಾಗಿ, ಮನೆಯೂ ಅದರ ಜೊತೆ ಸೊಟ್ಟಗಾಗಿ, ಈಗ ಅಲ್ಲಿ ನೆಟ್ಟಗಿರುವ ವಸ್ತುವೆಂದರೆ ವತ್ಸಲಾಳ ಮಾತೊಂದೇ. ನೆಲದ ಮೇಲೆ ಟೆನಿಸ್ ಬಾಲ್ ಇಟ್ಟರೆ ಅದು ತಾನಾಗಿಯೇ ಅಡುಗೆಮನೆಗೆ ಹೊರಡುತ್ತದೆ. ಬಾಗಿಲುಗಳು ನನ್ನ ಹಣೆಯ ಎತ್ತರಕ್ಕೆ ಅಳತೆ ತೆಗೆದು ಮಾಡಿದ ಹಾಗಿವೆ. ಮೊದಲ ವಾರದಲ್ಲೇ ನನ್ನ ಹಣೆಯ ಮೇಲೆ ನಾಲ್ಕು ಬೋರೆ.

"ಡ್ಯಾಡ್, ಜಸ್ಟ್ ಡಕ್!" ಎನ್ನುತ್ತಿದ್ದಳು ಹನ್ನೊಂದು ವರ್ಷದ ಮಗಳು ವಿಭಾ. ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಸೊಸೈಟಿಯ ಅಧ್ಯಕ್ಷೆ ಮಿಸೆಸ್ ವಿಟ್‌ಕೋಂಬ್. ಎಪ್ಪತ್ತನಾಲ್ಕು ವರ್ಷ, ಮುತ್ತಿನ ಸರ, ಕೈಯಲ್ಲಿ ಊರುಗೋಲು. ಹೆಸರು ತಿರುಗದೆ ನನ್ನನ್ನು ಟೆರ್ರಿ ಎಂದು ಕರೆದರು, ನಾನೂ ಒಪ್ಪಿಕೊಂಡೆ. ಬಂದ ದಿನವೇ ಹದಿನಾಲ್ಕು ನಿಯಮಗಳ ಪಟ್ಟಿ ಕೊಟ್ಟರು. ಮೊಳೆ ಹೊಡೆಯಬಾರದು, ಬಣ್ಣ ಬಳಿಯಬಾರದು, ಎಣ್ಣೆ ಹಚ್ಚಬಾರದು, ಇತ್ಯಾದಿ. ಒಂದು ತಿಂಗಳು ನಾನು ಏನನ್ನೂ ಮಾಡದೆ, ಬರೀ ಧೂಳು ಹೊಡೆದುಕೊಂಡು, ಅವರ ಪಾಲಿಗೆ ದೇವತಾಮನುಷ್ಯನಾಗಿದ್ದೆ. ಅಲ್ಲಿಗೇ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮೇ ತಿಂಗಳಲ್ಲಿ ಒಂದು ದಿನ ಅವರು ಅಡುಗೆಮನೆಯ ಗೋಡೆಯ ಮುಂದೆ ನಿಂತು ನಿಟ್ಟುಸಿರಿಟ್ಟರು. ಎರಡು ಕಂಬಗಳ ನಡುವೆ ಒಂದು ಹಾಸಿಗೆಯಷ್ಟು ಅಗಲದ ಜಾಗದಲ್ಲಿ ಮಣ್ಣು ಉದುರಿ, ಒಳಗಿನ ತಡಿಕೆ ಪಕ್ಕೆಲುಬಿನಂತೆ ಕಾಣುತ್ತಿತ್ತು. ಚಳಿಗಾಲದ ಹಿಮದ ಕೆಲಸ.

"ಇದನ್ನು ರಿಪೇರಿ ಮಾಡುವವರು ಈ ದೇಶದಲ್ಲಿ ಬೆರಳೆಣಿಕೆಯಷ್ಟು ಜನ, ಟೆರ್ರಿ. ಅವರನ್ನು ಕರೆಸುವ ಶಕ್ತಿ ಸೊಸೈಟಿಗೆ ಈಗಿಲ್ಲ. ತಡಿಕೆಯ ಮೇಲೆ ಮೆತ್ತುವುದು ಸಿಮೆಂಟಲ್ಲ. ಮಣ್ಣು, ಹುಲ್ಲು, ಆಮೇಲೆ..." ಎಂದು ದನಿ ತಗ್ಗಿಸಿ, "ಕ್ಷಮಿಸಿ, ದನದ ಸಗಣಿ" ಎಂದರು.

ಹದಿನೇಳು ವರ್ಷದಿಂದ ಅಮೆರಿಕದಲ್ಲಿದ್ದೇನೆ. ಒಬ್ಬ ಮುತ್ತಿನ ಸರದ ಹೆಂಗಸು ನನ್ನ ಮುಂದೆ ಸಗಣಿಯ ಬಗ್ಗೆ ಭಕ್ತಿಯಿಂದ ಮಾತಾಡಿದ್ದು ಅದೇ ಮೊದಲು. ನನ್ನೊಳಗಿನ ಭಾರತೀಯ ಧಿಗ್ಗನೆದ್ದು ನಿಂತ!

"ಸಗಣಿಯೇ? ಮೇಡಂ, ನಮ್ಮಲ್ಲಿ ಮಗು ಅಂಬೆಗಾಲಿಡುವುದೇ ಸಗಣಿ ಸಾರಿಸಿದ ನೆಲದ ಮೇಲೆ! ಐದು ಸಾವಿರ ವರ್ಷದ ವಿದ್ಯೆ ಇದು. ನನ್ನ ರಕ್ತದಲ್ಲಿದೆ. ಈ ಗೋಡೆ ನನಗೆ ಬಿಡಿ!"

ಈಗ ನಿಮ್ಮ ಹತ್ತಿರ ಮುಚ್ಚಿಡುವುದೇನು. ನಾನು ಅಂಬೆಗಾಲಿಟ್ಟದ್ದು ಜಯನಗರ ನಾಲ್ಕನೇ ಬ್ಲಾಕಿನ ಮೊಸಾಯಿಕ್ ನೆಲದ ಮೇಲೆ. ನಮ್ಮ ಮನೆಗೆ ಸಗಣಿ ಬರುತ್ತಿದ್ದದ್ದು ಹಬ್ಬದ ದಿನ ಬೆನಕನನ್ನು ಮಾಡಲು, ಒಂದು ನಿಂಬೆಹಣ್ಣಿನ ಗಾತ್ರ. ಅದನ್ನೂ ಅಮ್ಮ ಮುಟ್ಟುತ್ತಿದ್ದರು, ನಾನು ದೂರದಿಂದ ಮೂಗು ಹಿಡಿದುಕೊಂಡು ಕೈಮುಗಿಯುತ್ತಿದ್ದೆ.

ಆದರೆ ಮಿಸೆಸ್ ವಿಟ್‌ಕೋಂಬ್ ಅವರ ಕಣ್ಣಲ್ಲಿ ನೀರಾಡಿತು. ನನ್ನ ಎರಡೂ ಕೈ ಹಿಡಿದುಕೊಂಡರು. ಮರದ ಮನೆಗಳ ಪಂಡಿತ ಮಿಸ್ಟರ್ ಪೆಲ್ ಎಂಬುವವರು ಭಾಷಣಕ್ಕಾಗಿ ಇಂಗ್ಲೆಂಡಿನಿಂದ ಬರುತ್ತಿದ್ದಾರೆ, ಎರಡು ವಾರದ ನಂತರದ ಶನಿವಾರ ಅವರನ್ನು ಇಲ್ಲಿಗೇ ಕರೆತಂದು ಗೋಡೆ ತೋರಿಸುತ್ತೇನೆ, ಆವತ್ತೇ ನಿಮ್ಮ ಎರಡು ವರ್ಷದ ವಿಚಾರವೂ ತೀರ್ಮಾನವಾಗಲಿ ಎಂದರು. ನೋಡಿ, ನಾಲಗೆ ಒಂದು ಸಲ ಜಾರಿದ್ದಕ್ಕೆ ನಮ್ಮ ಸೂರು ಹೋಗಿ ಒಂದು ಗೋಡೆಗೆ ಅಂಟಿಕೊಂಡಿತು!

ವತ್ಸಲಾ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಯಾವತ್ತು ರೀ ನೀವು ಸಗಣಿ ಮುಟ್ಟಿದ್ದು?"

"ಮುಟ್ಟಲೇಬೇಕು ಅಂತೇನಿಲ್ಲ ಕಣೇ. ಸಂಸ್ಕಾರ ಅಂತ ಒಂದಿರುತ್ತೆ."

"ಸಂಸ್ಕಾರ ಗೋಡೆಗೆ ಅಂಟುತ್ತಾ? ಗೋಡೆ ಬಿದ್ರೆ ನಾವು ಅನು ಮನೆ ಬೇಸ್‌ಮೆಂಟಲ್ಲಿ ಪಿಂಗ್‌ಪಾಂಗ್ ಟೇಬಲ್ ಪಕ್ಕ ಮಲಗಬೇಕು, ನೆನಪಿರಲಿ. ಒಂದು ಕೆಲಸ ಮಾಡಿ. ಅನು ಅತ್ತೆ ದೇವಮ್ಮ ಬಂದಿದಾರಲ್ಲ ಮಳವಳ್ಳಿಯಿಂದ, ಅವರನ್ನ ಕೇಳಿ. ಅವರು ಇದನ್ನೆಲ್ಲ ಮಾಡಿದೋರು."

ಅನು ವತ್ಸಲಾಳ ಆಸ್ಪತ್ರೆಯ ಗೆಳತಿ. ಅವಳ ಅತ್ತೆ ದೇವಮ್ಮ ಮೊಮ್ಮಗುವನ್ನು ನೋಡಿಕೊಳ್ಳಲು ಬಂದು, ಸ್ವೆಟರ್ ಮೇಲೆ ಸೆರಗು ಹೊದ್ದು, ಕಿಟಕಿಯಲ್ಲಿ ಕೂತು ಹೋಗುವ ಬರುವ ಕಾರುಗಳನ್ನು ಎಣಿಸುತ್ತಿದ್ದವರು.

ನಾನು ನಕ್ಕೆ. "ಇದು ಹೆರಿಟೇಜ್ ಕನ್ಸರ್ವೇಷನ್ ಕಣೇ! ಹಿತ್ತಿಲಲ್ಲಿ ಬೆರಣಿ ತಟ್ಟೋದಲ್ಲ. ಪಾಪ, ದೇವಮ್ಮನವರಿಗೆ ಇದೆಲ್ಲ ಏನು ಗೊತ್ತಾಗುತ್ತೆ?"

ನಿಜ ಹೇಳಿಬಿಡುತ್ತೇನೆ. ನಗುತ್ತಿದ್ದೆನಾದರೂ ಒಳಗೆ ಭಯವಿತ್ತು. ಮೂರು ತಿಂಗಳಿಂದ ಯಾರಿಗೂ ನಾನು ಯಾವುದಕ್ಕೂ ಬೇಕಾಗಿರಲಿಲ್ಲ. ಬೆಳಿಗ್ಗೆ ಎದ್ದರೆ ವತ್ಸಲಾ ಆಸ್ಪತ್ರೆಗೆ, ವಿಭಾ ಸ್ಕೂಲಿಗೆ, ನಾನು ಕಂಪ್ಯೂಟರ್ ಮುಂದೆ. ಈಗ ಒಬ್ಬರು ನನ್ನ ಕೈಹಿಡಿದು ನೀನೇ ಬೇಕು ಎಂದಿದ್ದರು. ಆ ಸುಖವನ್ನು ದೇವಮ್ಮನವರ ಜೊತೆ ಹಂಚಿಕೊಳ್ಳಲು ನಾನು ತಯಾರಿರಲಿಲ್ಲ.

ಸಗಣಿ ಸಂಗ್ರಹಣೆಗೆ ವತ್ಸಲಾಳ ವ್ಯಾನಿನಲ್ಲಿ ಮೂವತ್ತು ಮೈಲಿ ಡ್ರೈವ್ ಮಾಡಿ ಒಂದು ಡೇರಿ ಫಾರ್ಮಿಗೆ ಹೋದೆ. ರೈತ ಟೋಪಿ ಎತ್ತಿ ಕೇಳಿದ.

"ಎಷ್ಟು ಟನ್ ಬೇಕು?"

"ಎರಡು ಬಕೆಟ್."

"ಯಾತಕ್ಕೆ?"

"ಮನೆಗೆ ಬಳಿಯೋದಕ್ಕೆ."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕಾಲ ಇಷ್ಟು ಕೆಟ್ಟಿದೆ ಅಂತ ನನಗೆ ಗೊತ್ತಿರಲಿಲ್ಲ" ಎಂದು ಮರುಕದಿಂದ ಪುಕ್ಕಟೆ ತುಂಬಿಸಿಕೊಟ್ಟ.

ಆದರೆ ಅದು ಸಗಣಿಯೇ? ಅಮೆರಿಕದ ಹಸು ತಿನ್ನುವುದು ಅದೇನೋ ನೆನೆಸಿದ ಜೋಳ. ಬಕೆಟ್ಟಿನಲ್ಲಿದ್ದದ್ದು ತಿಳಿಸಾರು! ದಾರಿಯಲ್ಲಿ ಎಕ್ಸಿಟ್ ತೆಗೆದುಕೊಳ್ಳುವಾಗ ಒಂದು ಬಕೆಟ್ಟಿನ ಮುಚ್ಚಳ ಹಾರಿತು. ಅದಾದ ಮೇಲೆ ವ್ಯಾನಿನಲ್ಲಿ ನಡೆದದ್ದನ್ನು ಬರೆಯುವುದಿಲ್ಲ, ಮನೆಯಲ್ಲಿ ಊಟ ಮಾಡುತ್ತಾ ಇದನ್ನು ಓದುವವರೂ ಇರಬಹುದು. ಉಳಿದ ಒಂದು ಬಕೆಟ್ಟನ್ನು ವತ್ಸಲಾ ಹಿತ್ತಿಲ ಮೂಲೆಗೆ ಗಡೀಪಾರು ಮಾಡಿಸಿದಳು. ವಿಭಾ ಒಂದು ವಾರ ವ್ಯಾನ್ ಹತ್ತಲಿಲ್ಲ. "ದಟ್ಸ್ ಸೋ ಗ್ರೋಸ್, ಡ್ಯಾಡ್!"

ತಾಯ್ನಾಡಿನ ಸಗಣಿಗೆ ಸರಿಸಾಟಿಯಿಲ್ಲ ಎಂದು ಅರಿತು ನಾನು ರಾಚೆಸ್ಟರ್ ಹಿಲ್ಸಿನ ನಮ್ಮ ಕಿರಾಣಿ ಅಂಗಡಿಗೆ ಹೋದೆ. ಅಂಗಡಿಯ ಬಷೀರ್ ಗುಲ್ಬರ್ಗಾ ಕಡೆಯವರು. ಹೋಮಕ್ಕೆಂದು ಅವರ ಅಂಗಡಿಯಲ್ಲಿ ಬೆರಣಿಯ ಪ್ಯಾಕೆಟ್ ಇರುತ್ತದೆ, ಮೇಲೆ ನಗುವ ಹಸುವಿನ ಚಿತ್ರ. ಇದ್ದಬದ್ದ ಎಲ್ಲ ಪ್ಯಾಕೆಟ್ಟನ್ನೂ ಕೌಂಟರಿಗೆ ಪೇರಿಸಿದೆ.

"ಏನ್ರೀ ತಿರುಮಲೇಶ ಅವ್ರ, ಇಷ್ಟೊಂದು ಕುಳ್ಳು? ನೌಕರಿ ಸಲುವಾಗಿ ದೊಡ್ಡ ಹೋಮ ಇಟ್ಕೊಂಡೀರೇನು?"

"ಇಲ್ಲ ಬಷೀರ್ ಭಾಯ್. ಗೋಡೆ ರಿಪೇರಿ. ಇಂಗ್ಲಿಷರ ಗೋಡೆ."

ಬಷೀರ್ ಗಡ್ಡ ಕೆರೆದುಕೊಂಡರು. "ಹಂಗಾದ್ರ ಮೆಂತೆ ಬೇಕ್ರೀ ನಿಮಗ. ನಮ್ಮಜ್ಜ ಹೇಳತಿದ್ದ, ಹಿಂದಕ್ಕ ಕೋಟಿ ಕಟ್ಟೋ ಮಂದಿ ಮೆಂತೆ ನೆನಸಿ, ನುಣ್ಣಗ ಅರದು, ಅದರ ಅಂಟು ಗಾರಿ ಒಳಗ ಕೂಡಸ್ತಿದ್ರಂತ. ಕಲ್ಲಾಗತೈತ್ರೀ ಗೋಡಿ!"

ರಿಸೆಷನ್ನಿನಲ್ಲಿ ಮಾರಾಟವಾಗದೆ ಉಳಿದಿದ್ದ ನಾಲ್ಕು ಪೌಂಡಿನ ಮೆಂತ್ಯದ ಚೀಲ ಆರು ಹೀಗೆ ವ್ಯಾನಿಗೆ ಬಂದವು. ಬಷೀರ್ ತಾವೇ ಹೊತ್ತು ತಂದು ಇಟ್ಟರು. ಮನುಷ್ಯ ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಆ ವರ್ಷ ಮತ್ತೆ ನೋಡಲಿಲ್ಲ.

ಮೆಂತ್ಯ ನೆನೆಸಿದೆ. ಅರೆಯಬೇಕಲ್ಲ? ವತ್ಸಲಾ ಮಿಕ್ಸಿಯನ್ನು ಮಗುವಿನಂತೆ ಅಪ್ಪಿಕೊಂಡಳು.

"ನಿಮ್ಮ ಸಗಣಿ ಕೈ ನನ್ನ ಮಿಕ್ಸಿಗೆ ತಾಗಿದ್ರೆ ನೋಡಿ! ಅದು ನಮ್ಮಮ್ಮ ಮೈಸೂರಿಂದ ಹೊತ್ಕೊಂಡು ಬಂದಿದ್ದು!"

ಹೋಗಲಿ, ನೆನೆದ ಮೆಂತ್ಯ ತಾನೇ, ಹೇಗಿದ್ದರೂ ಅಂಟು ಬಿಟ್ಟೇಬಿಟ್ಟಿದೆ ಎಂದು ಇಡಿ ಇಡಿಯಾಗಿ ಮಣ್ಣಿಗೆ ಸುರಿದೆ. ಬೆರಣಿ ಪುಡಿ ಮಾಡಿ ಹಾಕಿದೆ. ಹುಲ್ಲು ಹಾಕಿದೆ. ರಬ್ಬರ್ ಗ್ಲೌಸ್ ಎರಡು ಜೊತೆ, ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ! ಐದು ಸಾವಿರ ವರ್ಷದ ಪರಂಪರೆಯ ವಾರಸುದಾರ ಆಪರೇಷನ್ ಥಿಯೇಟರಿಗೆ ಹೊರಟವನ ಹಾಗೆ ನಿಂತು ಪೂರ್ತಿ ಒಂದು ಭಾನುವಾರ ಗೋಡೆಗೆ ಮೆತ್ತಿದೆ. ಸಂಜೆಗೆ ಗೋಡೆ ತುಂಬಿತು. ಎಷ್ಟು ಚೆನ್ನಾಗಿತ್ತು ಗೊತ್ತೇ! ಕಾರಿನ ಬಾಗಿಲಿನಷ್ಟು ನಯ. ದೂರ ನಿಂತು ನೋಡಿದೆ, ಹತ್ತಿರ ಬಂದು ನೋಡಿದೆ, ಫೋಟೊ ತೆಗೆದು ಊರಿಗೆಲ್ಲ ಇಮೇಲ್ ಕಳಿಸಿದೆ.

ಇಲ್ಲಿಯವರೆಗೂ ತಪ್ಪು ಅರ್ಧವಷ್ಟೇ ಆಗಿತ್ತು. ಇನ್ನರ್ಧಕ್ಕೆ ಕಾರಣ ನಮ್ಮಪ್ಪ. ಬೆಂಗಳೂರಿನಲ್ಲಿ ಅವರು ಮನೆ ಕಟ್ಟಿಸುವಾಗ ಬೆಳಿಗ್ಗೆ ಸಂಜೆ ಪೈಪು ಹಿಡಿದು ಗೋಡೆಗೆ ನೀರು ಹೊಡೆಯುವ ಡ್ಯೂಟಿ ನನ್ನದಾಗಿತ್ತು. "ಕ್ಯೂರಿಂಗ್ ಸರಿಯಾಗಿ ಆಗದಿದ್ರೆ ಗೋಡೆ ನಿಲ್ಲಲ್ಲ ಕಣೋ!" ಎಂದು ಅವರು ಗದರುತ್ತಿದ್ದರು. ಗೋಡೆಗಳ ಬಗ್ಗೆ ನನಗೆ ಖಚಿತವಾಗಿ ಗೊತ್ತಿದ್ದ ಸಂಗತಿ ಅದೊಂದೇ. ಅದು ಸಿಮೆಂಟಿನ ಗೋಡೆ, ಇದು ಮಣ್ಣಿನದು ಎನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಗೋಡೆಗೆ ಒದ್ದೆ ಗೋಣಿಚೀಲ ಹೊದಿಸಿ, ದಿನಕ್ಕೆ ಮೂರು ಹೊತ್ತು ಸಂಧ್ಯಾವಂದನೆಯ ಶ್ರದ್ಧೆಯಿಂದ ನೀರು ಚಿಮುಕಿಸಿದೆ. ಹೊರಗೆ ಎಂಬತ್ತು ಡಿಗ್ರಿ ಫ್ಯಾರನ್‌ಹೀಟ್. ಒಳಗೆ ಬೆಚ್ಚಗೆ, ತೇವವಾಗಿ, ಕತ್ತಲೆಯಾಗಿ... ಕಾಳು ಮೊಳಕೆ ಕಟ್ಟಲು ಅಡುಗೆಮನೆಯಲ್ಲಿ ನೀವು ಏನೇನು ಮಾಡುತ್ತೀರೋ ಅಷ್ಟನ್ನೂ ನಾನು ಗೋಡೆಗೆ ಮಾಡಿದ್ದೆ!

ಪೆಲ್ ಬರುವುದಕ್ಕೆ ಎರಡು ದಿನ ಮೊದಲು ಗೋಣಿ ತೆಗೆದೆ. ಕಿರುಚಿದೆ. ವತ್ಸಲಾ ಸೌಟು ಹಿಡಿದೇ ಓಡಿಬಂದಳು.

ಗೋಡೆಗೆ ಗಡ್ಡ ಬಂದಿತ್ತು! ಎರಡು ಬೆರಳು ಉದ್ದದ ಹಸಿರು ಗಡ್ಡ. ಪುಟ್ಟ ಪುಟ್ಟ ಎಲೆ ಬಿಚ್ಚಿ ಸಾವಿರಾರು ಮೆಂತ್ಯದ ಸಸಿಗಳು ಕಿಟಕಿಯ ಬೆಳಕಿನ ಕಡೆ ತಲೆಬಾಗಿ ನಿಂತಿದ್ದವು. ವತ್ಸಲಾ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡಳು.

"ಎಳೇದಾಗಿದೆ. ಮೆಂತ್ಯದ ಬಾತಿಗೆ ಬರುತ್ತೆ."

"ನನ್ನ ಪ್ರಾಣ ಹೋಗ್ತಿದೆ, ನಿನಗೆ ಬಾತು!"

"ನಾನೇನು ಬಿತ್ತಿದ್ನಾ ರೀ?"

ಒಂದು ಸಸಿ ಕಿತ್ತರೆ ಬೇರಿನ ಜೊತೆ ಒಂದು ಹಿಡಿ ಮಣ್ಣು ಬರುತ್ತಿತ್ತು. ಕತ್ತರಿಯಲ್ಲಿ ಕತ್ತರಿಸಿದೆ. ಕೊನೆಗೆ ನನ್ನ ಗಡ್ಡದ ಟ್ರಿಮ್ಮರ್ ತಂದು ಗೋಡೆಗೆ ಕ್ಷೌರ ಮಾಡಿದೆ! ಶನಿವಾರ ಬೆಳಿಗ್ಗೆ ನೋಡಿದರೆ ಒಳಗಿದ್ದ ಕಾಳುಗಳದು ಎರಡನೇ ಬೆಳೆ. ಜೊತೆಗೆ ಗೋಡೆಯ ತುಂಬ ಬಿರುಕು. ಹೊರಗೆ ಕಾರಿನ ಸದ್ದಾಯಿತು.

ಮಿಸ್ಟರ್ ಪೆಲ್ ಗಳುವಿನಂತೆ ಉದ್ದ. ಒಂದೊಂದು ಬಾಗಿಲಿಗೂ ಸರಾಗವಾಗಿ ತಲೆ ಬಗ್ಗಿಸಿ, ಒಂದು ಸಲವೂ ಹಣೆ ತಾಗಿಸಿಕೊಳ್ಳದೆ ಅಡುಗೆಮನೆಗೆ ಬಂದರು. ಆಗಲೇ ಗೊತ್ತಾಯಿತು, ಮನುಷ್ಯನಿಗೆ ವಿಷಯ ಗೊತ್ತಿದೆ. ಹಿಂದೆ ಮಿಸೆಸ್ ವಿಟ್‌ಕೋಂಬ್, ಅವರ ಹಿಂದೆ ಸೊಸೈಟಿಯ ನಾಲ್ಕು ಜನ. ಎಲ್ಲರೂ ಗೋಡೆಯನ್ನು ನೋಡಿದರು. ಗೋಡೆ ಹಸಿರಾಗಿ ಎಲ್ಲರನ್ನೂ ನೋಡಿತು.

"ಇದು... ಬೆಳೆಯುತ್ತಿದೆ" ಎಂದರು ಪೆಲ್.

ನಾನು ಎದೆಯುಬ್ಬಿಸಿದೆ. ಕೆಲಸ ಕಳೆದುಕೊಂಡವನ ಧೈರ್ಯವೇ ಬೇರೆ. "ಹೌದು ಸರ್! ಇದು ಸಜೀವ ಗೋಡೆ. ಗೋಡೆ ಉಸಿರಾಡಬೇಕು ಎನ್ನುವುದು ನಮ್ಮ ಪೂರ್ವಿಕರ ಸಿದ್ಧಾಂತ. ಬೇರುಗಳು ಮಣ್ಣನ್ನು ಹಿಡಿದುಕೊಳ್ಳುತ್ತವೆ, ಎಲೆಗಳು ಗಾಳಿ ಶುದ್ಧ ಮಾಡುತ್ತವೆ. ಐದು ಸಾವಿರ ವರ್ಷ..."

ನಂಬುತ್ತೀರಾ? ಪೆಲ್ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದರು! ಸೊಸೈಟಿಯವರು ತಲೆದೂಗಿದರು. ಮಿಸೆಸ್ ವಿಟ್‌ಕೋಂಬ್ ಕರವಸ್ತ್ರ ತೆಗೆದರು. ಇನ್ನೊಂದೇ ನಿಮಿಷ ಸಿಕ್ಕಿದ್ದರೆ ಎರಡು ವರ್ಷದ ಸೂರು ನನ್ನ ಜೇಬಿನಲ್ಲಿತ್ತು.

ಅಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ದೇವಮ್ಮನವರು ಬಂದರು. ವತ್ಸಲಾ ನನಗೆ ಹೇಳದೆ ಅನುವಿಗೆ ಫೋನು ಮಾಡಿ ಕರೆಸಿದ್ದಳು. ಸೀರೆ, ಸ್ವೆಟರು, ಕಾಲಿಗೆ ಮಗನ ಶೂಸು. ಅವರು ಗೋಡೆ ನೋಡಿದರು. ಸೆರಗು ಬಾಯಿಗೊತ್ತಿಕೊಂಡರು. ತಡೆಯಲಾಗಲಿಲ್ಲ, ಗೋಡೆ ಅದುರುವ ಹಾಗೆ ನಕ್ಕರು.

"ಅಯ್ಯೋ ಸಿವ್ನೇ! ಗ್ವಾಡೆ ಮ್ಯಾಲೆ ಮೆಂತ್ಯದ ಸೊಪ್ಪು ಬೆಳ್ದವ್ರಲ್ಲವ್ವಾ! ಯಾರವ್ವ ಇದ್ನ ಮೆತ್ದೋರು? ನಿನ್ ಗಂಡನಾ? ನಿನ್ ಗಂಡಂಗೆ ಸಗಣಿಗೂ ಹಲ್ವಾಗೂ ಯತ್ವಾಸ ಗೊತ್ತಿಲ್ಲ ಕನವ್ವಾ!"

"ಆ ತಾಯಿ ಏನು ಹೇಳುತ್ತಿದ್ದಾರೆ?" ಪೆಲ್ ಕುತೂಹಲದಿಂದ ಕೇಳಿದರು.

ನಾನು ಬಾಯಿ ತೆರೆದೆ. "ಗೋಡೆ ಬಹಳ ಚೆನ್ನಾಗಿ..."

ವಿಭಾ ಮುಂದೆ ಬಂದಳು. ಮಗಳಿಗೆ ಸುಳ್ಳು ಹೇಳಬಾರದು ಎಂದು ಕಲಿಸಿದ್ದು ಯಾರು? ನಾನೇ. "ಶಿ ಸೇಸ್ ಮೈ ಡ್ಯಾಡ್ ಡಸಂಟ್ ನೋ ದ ಡಿಫರೆನ್ಸ್ ಬಿಟ್ವೀನ್ ಕೌ ಡಂಗ್ ಅಂಡ್ ಡೆಸರ್ಟ್!"

ದೇವಮ್ಮನವರು ಒಂದು ಬೆರಳು ಎತ್ತಿ ಗೋಡೆಯನ್ನು ಮೆಲ್ಲಗೆ ಒತ್ತಿದರು. ಒಂದೇ ಬೆರಳು. ಇಡೀ ಗೋಡೆ ಸಸಿಗಳ ಸಮೇತ ಚಾಪೆ ಸುತ್ತಿಕೊಂಡ ಹಾಗೆ ಜಾರಿ ಮಿಸ್ಟರ್ ಪೆಲ್ ಅವರ ಬೂಟಿನ ಮೇಲೆ ಕೂತಿತು.

ನನಗೆ ಪಿಂಗ್‌ಪಾಂಗ್ ಟೇಬಲ್ ಕಣ್ಣಿಗೆ ಕಟ್ಟಿತು. ಅದರ ಪಕ್ಕದಲ್ಲಿ ಹಾಸಿಗೆ ಹಾಸುತ್ತಿರುವ ವತ್ಸಲಾ ಕಂಡಳು. ಬಾಯಲ್ಲಿ ಇನ್ನೂ ಎರಡು ಸುಳ್ಳು ತಯಾರಿದ್ದವು, ಯಾಕೋ ಹೊರಗೆ ಬರಲಿಲ್ಲ.

"ಮಿಸೆಸ್ ವಿಟ್‌ಕೋಂಬ್, ನನಗೆ ಇದು ಗೊತ್ತಿಲ್ಲ" ಎಂದೆ. "ನಾನು ಹುಟ್ಟಿದಾಗಿನಿಂದ ಸಗಣಿ ಮುಟ್ಟಿದವನೇ ಅಲ್ಲ. ನಿಮಗೆ ಬೇಕಾದ ಮನುಷ್ಯ ಆಗಬೇಕು ಅನ್ನಿಸಿತು, ಅದಕ್ಕೇ ಹೇಳಿಬಿಟ್ಟೆ. ಅವರಿಗೆ ಗೊತ್ತಿದೆ, ಅವರನ್ನು ಕೇಳಿ."

ಮಿಸೆಸ್ ವಿಟ್‌ಕೋಂಬ್ ನನ್ನನ್ನು ನೋಡಿದ ನೋಟಕ್ಕೆ ನನ್ನ ಕಂಪನಿಯ ಹಸ್ತಲಾಘವವೇ ಎಷ್ಟೋ ವಾಸಿ. ಆದರೆ ಅವರು ಬೈಯುವ ಮೊದಲೇ ದೇವಮ್ಮನವರು ಕೆಲಸ ಶುರು ಮಾಡಿಬಿಟ್ಟಿದ್ದರು. ಸ್ವೆಟರ್ ಬಿಚ್ಚಿ ವತ್ಸಲಾಳ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗಳದಲ್ಲಿ ಟಾರ್ಪಾಲು ಹಾಸಿಸಿದರು. ಬೇರೆ ಮಣ್ಣು ತರಿಸಿ ಉಂಡೆ ಕಟ್ಟಿ ನೆಲಕ್ಕೆ ಎಸೆದು ನೋಡಿದರು, ಮೂಸಿದರು, "ಇನ್ನೊಸಿ ಮಳ್ಳು ಬೇಕು" ಎಂದು ಮರಳು ಹಾಕಿಸಿದರು. ಹುಲ್ಲನ್ನು ಗೇಣುದ್ದ ಕತ್ತರಿಸಿದರು. ಹಿತ್ತಿಲಿನಲ್ಲಿ ಗಡೀಪಾರಾಗಿದ್ದ ಬಕೆಟ್ಟು ಬಿಸಿಲಿಗೆ ಹದವಾಗಿ ಗಟ್ಟಿಯಾಗಿತ್ತು. ಅದರೊಳಕ್ಕೆ ಮೊಣಕೈವರೆಗೆ ಬರಿಗೈ ಇಳಿಸಿ, "ಇದು ಕನಪ್ಪಾ ಸಗಣಿ!" ಎಂದು ನನ್ನ ಮೂಗಿನ ಮುಂದೆ ಹಿಡಿದರು.

ಪೆಲ್ ಕೋಟು ಬಿಚ್ಚಿ ಪಕ್ಕದಲ್ಲಿ ಕೂತೇಬಿಟ್ಟರು. ಅವರು ಇಂಗ್ಲಿಷಿನಲ್ಲಿ, ಇವರು ಮಳವಳ್ಳಿ ಕನ್ನಡದಲ್ಲಿ. ವಿಭಾಳ ತರ್ಜುಮೆ ಇಬ್ಬರಿಗೂ ಬೇಕಾಗಲಿಲ್ಲ. ಒಬ್ಬರು ಹಿಡಿ ಮಣ್ಣು ಹಿಸುಕಿ ತೋರಿಸಿದರೆ ಇನ್ನೊಬ್ಬರು ತಲೆಯಾಡಿಸುತ್ತಿದ್ದರು. ಪೆಲ್ ಒಂದು ಹಿಡಿ ತೆಗೆದು ತಡಿಕೆಗೆ ಬೀಸಿ ಹೊಡೆದರೆ ದೇವಮ್ಮನವರು, "ಹಾಂ! ಈ ಉದ್ದದವ್ನಿಗೆ ಗೊತ್ತದೆ ಕನವ್ವಾ!" ಎಂದು ಸರ್ಟಿಫಿಕೇಟ್ ಕೊಟ್ಟರು. ಹದಿನೇಳು ವರ್ಷದ ಇಂಜಿನಿಯರ್ ನಾನು ಪಕ್ಕದಲ್ಲಿ ಟವಲ್ ಹಿಡಿದು ನಿಂತಿದ್ದೆ. ನಾಚಿಕೆಯಾಯಿತು. ಆ ಹೆಂಗಸನ್ನು ನಾನು ಪಾಪ ಎಂದಿದ್ದೆ.

ಸ್ವಲ್ಪ ಹೊತ್ತಿಗೆ ದೇವಮ್ಮನವರು ಸೊಂಟ ಹಿಡಿದು ಎದ್ದು ನಿಂತರು.

"ಇದ್ನ ಚೆನ್ನಾಗ್ ತುಳೀಬೇಕು. ನಂಗೆ ಮಂಡಿ ನೋವು, ಆಗಾಕಿಲ್ಲ. ತುಳ್ದಷ್ಟೂ ಬಲ ಬತ್ತದೆ. ಒಂದಿನ ಎಲ್ಡಿನ ಅಲ್ಲ, ಕೊಳೀತಾ ಕೊಳೀತಾ ದಿನಾ ತುಳೀತಿರ್ಬೇಕು."

ವಿಭಾ ಹೇಳಿದ್ದನ್ನು ಕೇಳಿ ಪೆಲ್ ಉತ್ಸಾಹದಿಂದ ಎದ್ದರು. "ಸಫೊಕ್‌ನಲ್ಲೂ ಹಾಗೆಯೇ! ಅಲ್ಲಿ ಇದಕ್ಕೆ ಎತ್ತನ್ನು ಬಿಟ್ಟು ಸುತ್ತು ಹೊಡೆಸುತ್ತಿದ್ದರು."

ಮಿಸೆಸ್ ವಿಟ್‌ಕೋಂಬ್ ವಿಷಾದದಿಂದ ತಲೆಯಾಡಿಸಿದರು. "ಈಗಿನ ಪರಿಸ್ಥಿತಿಯಲ್ಲಿ ಎತ್ತನ್ನು ಇಟ್ಟುಕೊಳ್ಳುವ ಶಕ್ತಿ ನಮ್ಮ ಸೊಸೈಟಿಗಿಲ್ಲ."

ಒಬ್ಬೊಬ್ಬರೇ ತಿರುಗಿ ನನ್ನ ಕಡೆ ನೋಡಿದರು. ಮೊದಲು ದೇವಮ್ಮ. ಆಮೇಲೆ ಪೆಲ್. ಆಮೇಲೆ ಸೊಸೈಟಿಯ ನಾಲ್ವರು. ಕೊನೆಗೆ ನನ್ನ ಧರ್ಮಪತ್ನಿ.

"ಪ್ಯಾಂಟ್ ಮಡಿಸ್ಕೊಳ್ಳಿ" ಎಂದಳು ವತ್ಸಲಾ.

ನಾವು ಆ ಮನೆಯಲ್ಲಿ ಉಳಿದೆವು. ಎರಡು ವರ್ಷದ ಕಾಗದ ವತ್ಸಲಾಳ ಹೆಸರಿಗೆ ಬಂತು. ಹದಿನಾಲ್ಕು ನಿಯಮಗಳಿಗೆ ಹದಿನೈದನೆಯದು ಸೇರಿತು: ಟೆರ್ರಿ ಈ ಮನೆಯನ್ನು ಸೊಂಟದಿಂದ ಕೆಳಗಿನ ಅಂಗಗಳಿಂದ ಮಾತ್ರ ದುರಸ್ತಿ ಮಾಡತಕ್ಕದ್ದು.

ಜೂನ್ ತಿಂಗಳಲ್ಲಿ ಸಾರ್ವಜನಿಕರಿಗೆ ಮನೆ ತೋರಿಸುವ ದಿನಗಳು ಶುರುವಾದವು. ಪ್ರತಿ ಶನಿವಾರ ಜನ ಸೇರುತ್ತಾರೆ. ದೇವಮ್ಮನವರು ಗೋಡೆಗೆ ಮೆತ್ತುತ್ತಾರೆ, ಚಪ್ಪಾಳೆ. ವಿಭಾ ವಿವರಿಸುತ್ತಾಳೆ, ಚಪ್ಪಾಳೆ. ವತ್ಸಲಾ ಮರದ ಬೆಣೆ ತೋರಿಸುತ್ತಾಳೆ, ಚಪ್ಪಾಳೆ. ಅಂಗಳದ ನಡುವೆ ಮೊಣಕಾಲುದ್ದ ಕೆಸರಿನಲ್ಲಿ ನಾನು ಸುತ್ತು ಹಾಕುತ್ತೇನೆ. ಪಕ್ಕದಲ್ಲಿ ಮಿಸೆಸ್ ವಿಟ್‌ಕೋಂಬ್ ತಮ್ಮ ಕೈಯಾರೆ ಬರೆದ ಫಲಕ: "ಮಣ್ಣು ತುಳಿಯುವ ಪದ್ಧತಿ. ಮೂಲದಲ್ಲಿ ಎತ್ತು ಇತ್ತು."

ಕಳೆದ ಶನಿವಾರ ಟೈ ಕಟ್ಟಿದ ಒಬ್ಬ ಬಿಳಿಯ, ನನ್ನದೇ ವಯಸ್ಸಿನವನು, ಕಂಕುಳಲ್ಲಿ ಫೈಲು ಇಟ್ಟುಕೊಂಡು ಬಂದ. ಗೋಡೆ ನೋಡಲಿಲ್ಲ, ತೊಲೆ ನೋಡಲಿಲ್ಲ. ಅರ್ಧ ಗಂಟೆ ನಿಂತು ನನ್ನ ಕಾಲುಗಳನ್ನೇ ನೋಡಿದ. ಕೊನೆಗೊಬ್ಬ ನನ್ನ ಕಲೆಯನ್ನು ಅರಿತವನು ಸಿಕ್ಕಿದನಲ್ಲ ಎಂದು ನಾನು ಹಿಗ್ಗಿ, ಅವನನ್ನು ಮಾತಾಡಿಸೋಣವೆಂದು ತುಳಿಯುವುದನ್ನು ನಿಲ್ಲಿಸಿದೆ. ಅವನು ಮಿಸೆಸ್ ವಿಟ್‌ಕೋಂಬ್ ಹತ್ತಿರ ಹೋಗಿ, ಫೈಲಿನಿಂದ ರೆಸ್ಯೂಮೆ ತೆಗೆದು ಕೊಟ್ಟು, ದನಿ ತಗ್ಗಿಸಿ ಕೇಳಿದ.

"ಮೇಡಂ, ಎತ್ತಿನ ಕೆಲಸ ಪರ್ಮನೆಂಟಾ, ಅಥವಾ ನಾನೂ ಅಪ್ಲೈ ಮಾಡಬಹುದಾ?"

ಮಿಸೆಸ್ ವಿಟ್‌ಕೋಂಬ್ ಕನ್ನಡಕ ಹಾಕಿಕೊಂಡು ರೆಸ್ಯೂಮೆ ಓದತೊಡಗಿದರು. ಮಹಡಿಯ ಸೊಟ್ಟ ಕಿಟಕಿಯಿಂದ ವತ್ಸಲಾ ಕೂಗಿದಳು.

"ರೀ! ನಿಂತ್ಕೋಬೇಡಿ, ತುಳೀರಿ! ಬೇಗ ಬೇಗ ತುಳೀರಿ, ಇದೂ ಹೋದೀತು!"